ವ್ಯಾನಿನ ಮೆಟ್ಟಿಲಿಗೆ ಹೊಸ ರಬ್ಬರು

ನಮ್ಮ ವ್ಯಾನಿಗೆ ಇರುವುದು ಎರಡೇ ಮೆಟ್ಟಿಲು. ಅವುಗಳ ಮೇಲಿನ ರಬ್ಬರ್ ಹಾಸು ಸವೆದು ನುಣ್ಣಗಾಗಿತ್ತು. ಕಾಲು ಜಾರದಿರಲಿ ಎಂದು ಮಾಡಿದ್ದ ಸಣ್ಣ ಉಬ್ಬುಗಳೆಲ್ಲ ಮಾಯವಾಗಿ, ಅಂಚಿನಲ್ಲಿ ತಗಡು ಇಣುಕುತ್ತಿತ್ತು. ಬದಲಾಯಿಸೋಣ ಎಂದು ನಾನು ಹೇಳುತ್ತಲೇ ಇದ್ದೆ, ನನ್ನ ಗಂಡ ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ಒಂದು ದಿನ ಅತ್ತೆ ಇಳಿಯುವಾಗ ಜಾರಿದರು. ಬಾಗಿಲ ಪಕ್ಕದ ಕಂಬಿ ಸಿಕ್ಕಿದ್ದರಿಂದ ಬೀಳಲಿಲ್ಲ. ಆದರೆ ಮೊದಲೇ ನೋಯುತ್ತಿದ್ದ ಬಲಮಂಡಿ ಅವತ್ತಿನಿಂದ ಪೂರ್ತಿ ಮುನಿಸಿಕೊಂಡಿತು. ಆಮೇಲೆ ಅವರು ವ್ಯಾನಿನ ಹತ್ತಿರ ಹೋಗುವುದನ್ನೇ ಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಬಿಡಿ ಎನ್ನಬಹುದಿತ್ತು. ಅತ್ತೆಗೆ ಅದು ವ್ಯಾನೇ ಆಗಿರಲಿಲ್ಲ. ಅಮೃತಹಳ್ಳಿಯಲ್ಲಿ ಅವರು ಮದುವೆಯಾಗಿ ಬಂದು ಸೇರಿದ ಹೆಂಚಿನ ಮನೆಯ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಅದರ ಮೂರನೇ ಮಹಡಿಯಲ್ಲಿ ನಾವಿದ್ದೇವೆ. ಅತ್ತೆಯ ಬಾಯಲ್ಲಿ ಅದು ಇವತ್ತಿಗೂ ‘ಬಿಲ್ಡಿಂಗು’.

“ಬಾಗ್ಲು ತಗುದ್ರೆ ಲಿಫ್ಟು ಕಾಣ್ತದೆ. ಇದ್ಯಾವ ಸೀಮೆ ಮನೆ?” ಎನ್ನುತ್ತಾರೆ.

ನನ್ನ ಗಂಡ ಯಾರೋ ಟ್ರಾವೆಲ್ಸ್‌ನವರಿಂದ ಹಳೇ ವ್ಯಾನು ಕೊಂಡು, ಡ್ರೈವರ್ ಹಿಂದಿನ ಒಂದು ಸಾಲು ಬಿಟ್ಟು ಮಿಕ್ಕ ಸೀಟುಗಳನ್ನು ಕಿತ್ತು, ಮಂಚ, ಒಲೆ, ಸಿಂಕು ಕೂರಿಸಿಕೊಂಡು ತಂದು ಕೆಳಗೆ ನಿಲ್ಲಿಸಿದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಊರೂರು ಸುತ್ತಿ, ಅದರಲ್ಲೇ ಅಡುಗೆ ಮಾಡಿ, ಅದರಲ್ಲೇ ಮಲಗುತ್ತಾರಂತೆ! ಅತ್ತೆ ಮಾತ್ರ ವ್ಯಾನಿನ ಸುತ್ತ ಒಂದು ಸುತ್ತು ಬಂದು ಹಾಲು ತರಿಸಿದರು. ಬಾಗಿಲಿಗೆ ಮಾವಿನೆಲೆ ಕಟ್ಟಿಸಿದರು. ಚಪ್ಪಲಿ ಕೆಳಗೆ ಬಿಟ್ಟು, ಬಲಗಾಲಿಟ್ಟು ಒಳಗೆ ಹೋಗಿ, ಆ ಪುಟ್ಟ ಒಲೆಯ ಮೇಲೆ ಹಾಲುಕ್ಕಿಸಿದರು. ಅವತ್ತಿನಿಂದ ಅದು ‘ಮನೆ’. ಎಲ್ಲೂ ಹೋಗದ ದಿನವೂ ಸಂಜೆ ಕೆಳಗಿಳಿದು ಆ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು, ಹೋಗಿಬರುವವರನ್ನು ಕರೆದು ಮಾತಾಡಿಸುತ್ತಿದ್ದರು. ನಾನೆಲ್ಲಾದರೂ ಮರೆತು ಚಪ್ಪಲಿ ಕಾಲಲ್ಲಿ ಹತ್ತಿದರೆ ನನ್ನ ಕಥೆ ಮುಗಿದ ಹಾಗೆ.

ಇಂಥ ಅತ್ತೆ ಬಾಲ್ಕನಿಯಲ್ಲಿ ನಿಂತು ಕೆಳಗಿನ ವ್ಯಾನನ್ನು ಸುಮ್ಮನೆ ನೋಡುವುದನ್ನು ಕಂಡು ನನಗೇ ತಡೆಯಲಾಗಲಿಲ್ಲ. ಯಶವಂತಪುರದಲ್ಲಿ ಬಸ್ಸಿನ ಸೀಟು, ಮ್ಯಾಟು ಮಾರುವ ಅಂಗಡಿಗೆ ಇವರನ್ನು ಎಳೆದುಕೊಂಡು ಹೋದೆ. ತೆಳ್ಳಗಿನದೂ ಇತ್ತು, ದಪ್ಪದ್ದೂ ಇತ್ತು.

“ದಪ್ಪದ್ದೇ ತಗೊಳ್ಳೋಣ, ಅವ್ವನ ಕಾಲು ಗಟ್ಟಿಯಾಗಿ ನಿಲ್ಲುತ್ತೆ” ಎಂದರು ಇವರು. ನಾನೂ ಹೂಂ ಎಂದೆ.

ಭಾನುವಾರ ಇಡೀ ಅದೇ ಕೆಲಸ. ಹಳೇ ರಬ್ಬರು ಸುಲಭಕ್ಕೆ ಜಗ್ಗಲಿಲ್ಲ. ಪೇಂಟಿನವರು ಗೋಡೆ ಕೆರೆಯುವ ತಗಡಿನ ಪಟ್ಟಿ ತೂರಿಸಿ ಎಬ್ಬಿಸಿದರೆ ಬೆರಳಗಲ ಕೈಗೆ ಬರುತ್ತಿತ್ತು, ಮಿಕ್ಕಿದ್ದು ಅಲ್ಲೇ ಹಲ್ಲುಕಚ್ಚಿ ಕೂತಿರುತ್ತಿತ್ತು. ಒಣಗಿದ ಗಮ್ಮನ್ನು ಪೆಟ್ರೋಲ್ ಬಟ್ಟೆಯಲ್ಲಿ ನಾನು ಉಜ್ಜಿದೆ. ತುಕ್ಕಿಗೆ ಉಪ್ಪುಕಾಗದ ಹಾಕಿ ಇವರು ತಿಕ್ಕಿದರು. ನ್ಯೂಸ್‌ಪೇಪರಿನಲ್ಲಿ ಮೆಟ್ಟಿಲಿನ ಅಳತೆ ತೆಗೆದು, ಅಳೆದಿದ್ದನ್ನೇ ಮತ್ತೆ ಅಳೆದು, ಕೊನೆಗೆ ರಬ್ಬರ್ ಕತ್ತರಿಸಿದರೆ ಒಂದು ಮೂಲೆ ಗಿಡ್ಡ.

“ಇಷ್ಟೆಲ್ಲಾ ಅಳ್ದು ಇದೇನ್ರೀ ಕತ್ತರಿಸಿದ್ದು?”

“ನೀನು ಪಕ್ಕದಲ್ಲಿ ನಿಂತ್ಕೊಂಡು ಪಟಪಟ ಅಂತಿದ್ರೆ ಕೈ ಹೆಂಗೆ ನೆಟ್ಟಗೆ ಹೋಗುತ್ತೆ?”

ಆ ಮೂಲೆಗೆ ತುಂಡು ಸೇರಿಸಿ, ಗಮ್ಮು ಹಚ್ಚಿ, ಅಂಚಿಗೆ ಹಳದಿ ಪಟ್ಟಿ ಬಡಿದೆವು. ಚೆನ್ನಾಗಿ ಹಿಡಿಯಲಿ ಎಂದು ಮೇಲೆ ರುಬ್ಬುಗುಂಡು ಹೇರಿಟ್ಟೆವು. ನಿಜ ಹೇಳಬೇಕೆಂದರೆ ಅವತ್ತು ನಾವಿಬ್ಬರೂ ತುಂಬಾ ಖುಷಿಯಾಗಿದ್ದೆವು.

ಮಾರನೆಯ ದಿನ ಬೆಳಿಗ್ಗೆ ಅತ್ತೆಯನ್ನು ಕೆಳಗೆ ಕರೆತಂದೆವು. ಅವರು ಬಗ್ಗಿ ಹೊಸ ರಬ್ಬರನ್ನು ಅಂಗೈಯಲ್ಲಿ ಸವರಿದರು. “ಚೆನ್ನಾಗದೆ” ಎಂದರು. ಚಪ್ಪಲಿ ಬಿಟ್ಟು, ಕಂಬಿ ಹಿಡಿದು, ಬಲಗಾಲು ಎತ್ತಿದರು. ಕಾಲು ಮೆಟ್ಟಿಲ ಹತ್ತಿರ ಹೋಯಿತು, ಮೇಲೇರಲಿಲ್ಲ. ಇಳಿಸಿ ಮತ್ತೆ ಎತ್ತಿದರು. ರಬ್ಬರು ದಪ್ಪವಾಗಿ, ಮೊದಲೇ ಎತ್ತರವಿದ್ದ ಮೆಟ್ಟಿಲು ಇನ್ನಷ್ಟು ಎತ್ತರವಾಗಿತ್ತು. ಜಾರುವುದೊಂದನ್ನೇ ಯೋಚಿಸಿದ್ದ ನಮ್ಮ ತಲೆಗೆ ಎತ್ತರ ಹೊಳೆದೇ ಇರಲಿಲ್ಲ.

“ಎಡಗಾಲು ಮೊದ್ಲು ಇಡವ್ವ. ನೋವಿಲ್ಲದ ಕಾಲು ಮೊದ್ಲು ಅಂತ ಡಾಕ್ಟ್ರು ಹೇಳಿಲ್ವಾ?” ಎಂದರು ಇವರು.

“ಎಡಗಾಲಿಕ್ಕಿ ಮನೆಯೊಳಿಕ್ಕೆ ಓಯ್ತಾರೇನ್ಲಾ?”

ಪ್ಲಾಸ್ಟಿಕ್ ಸ್ಟೂಲು ತಂದಿಟ್ಟೆವು. ವ್ಯಾನು ನಿಂತಿದ್ದ ಜಾಗದ ಇಳಿಜಾರಿನಲ್ಲಿ ಅದು ಅಲ್ಲಾಡಿತು, ಅತ್ತೆ ಹೆದರಿ ಇಳಿದರು. ಕೆಳಗೆ ಇನ್ನೊಂದು ಗಿಡ್ಡ ಮೆಟ್ಟಿಲು ವೆಲ್ಡಿಂಗ್ ಮಾಡಿಸುತ್ತೇನೆ, ಒಂದು ವಾರ ತಡಿ ಎಂದರು ಇವರು. ಅಷ್ಟು ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು.

“ಯಾವ ಕಾಲಾದ್ರೇನು ಅತ್ತೆ? ಒಂದ್ಸಲ ಹತ್ತಿ. ನಿಮಗೋಸ್ಕರ ತಾನೆ ನಿನ್ನೆಯೆಲ್ಲಾ ಬಡ್ಕೊಂಡಿದ್ದು?”

ಅತ್ತೆ ನನ್ನನ್ನು ನೋಡಿದರು. ಆಮೇಲೆ ಗಮ್ಮು ಮೆತ್ತಿ ಸಿಪ್ಪೆ ಏಳುತ್ತಿದ್ದ ಮಗನ ಕೈ ನೋಡಿದರು. ನಂತರ, ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು.

“ವ್ಯಾನ್ ತಾನೆ, ಬುಡು. ಮನೆಯೇನಲ್ವಲ್ಲ” ಎಂದು, ಎಡಗಾಲಿಟ್ಟು ಹತ್ತಿಬಿಟ್ಟರು.

ನಾವು ಚಪ್ಪಾಳೆ ತಟ್ಟಿದೆವು. ಅದೇ ನನ್ನನ್ನು ಈಗಲೂ ಚುಚ್ಚುವುದು. ಅವರ ಮಾತು ಕಿವಿಗೆ ಬಿದ್ದಿತ್ತು, ಆದರೂ ಗೆದ್ದವರ ಹಾಗೆ ಚಪ್ಪಾಳೆ ತಟ್ಟಿದೆವು.

ಮುಂದಿನ ವಾರ ದೇವನಹಳ್ಳಿ ದಾಟಿ ಒಂದು ಹುಣಸೆತೋಪಿನವರೆಗೆ ಹೋದೆವು. ಮೊದಲೆಲ್ಲ ವ್ಯಾನು ನಿಲ್ಲಿಸುವುದೇ ತಡ, ಅತ್ತೆ ಒಲೆ ಹಚ್ಚಿ ಟೀಗೆ ಇಡುತ್ತಿದ್ದರು, ಡಬ್ಬಗಳನ್ನು ಒರೆಸಿಡುತ್ತಿದ್ದರು, ನಾನು ಒಲೆಗೆ ಕೈ ಹಾಕಿದರೆ ಗದರುತ್ತಿದ್ದರು. ಅವತ್ತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತವರು ಏಳಲಿಲ್ಲ. ಟೀ ಮಾಡೋಣವಾ ಅತ್ತೆ ಎಂದೆ.

“ಅಂಗ್ಡೀಲಿ ಕುಡ್ದ್ರಾಯ್ತು ಬುಡಮ್ಮಿ” ಎಂದರು. ಮುನಿಸೇನೂ ಇರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಜೊತೆ ಮಾತಾಡುವಷ್ಟೇ ಸಲೀಸಾಗಿ ಹೇಳಿದರು. ಮುನಿಸಿದ್ದರೆ ಎಷ್ಟೋ ಚೆನ್ನಾಗಿತ್ತು, ಸಮಾಧಾನವಾದರೂ ಮಾಡಬಹುದಿತ್ತು. ಕಿಟಕಿಯಾಚೆ ನೋಡುತ್ತಾ ಕೂತ ಅವರ ಪಕ್ಕದಲ್ಲಿ ನನಗೆ ಅಳು ಬಂತು.

ಆಮೇಲೆ ಇವರು ಹೇಳಿದಂತೆ ಗಿಡ್ಡ ಮೆಟ್ಟಿಲು ಮಾಡಿಸಿದರು. ಅದಕ್ಕೂ ಅದೇ ರಬ್ಬರು ಹಾಕಿದೆವು. ಈಗ ಅತ್ತೆ ಯಾರ ಸಹಾಯವೂ ಇಲ್ಲದೆ ಹತ್ತುತ್ತಾರೆ, ಯಾವ ಕಾಲು ಮುಂದೆ ಬರುತ್ತದೋ ಅದನ್ನಿಟ್ಟು. ಮೊನ್ನೆ ಬಾಯಿ ಬಿಟ್ಟು ಕೇಳಿಯೇಬಿಟ್ಟೆ.

“ಅತ್ತೆ, ಈಗ ಬಲಗಾಲು ಎತ್ತಕ್ಕಾಗುತ್ತಲ್ಲ? ಬಲಗಾಲೇ ಮೊದ್ಲು ಇಡಿ.”

“ಆಯ್ತದೆ ಕಣಮ್ಮಿ” ಎಂದರು ಅತ್ತೆ. “ಆದ್ರೆ ಯಾಕೆ?”

ಎಂದವರೇ ಎಡಗಾಲಿಟ್ಟು ಹತ್ತಿ, ಸೀಟಿಗೆ ಹೋಗಿ ಕೂತರು.