ತಾಂಬೂಲದಲ್ಲಿ ಕೊಟ್ಟ ಮರಿ

ಪ್ರತಿ ದಸರಾಕ್ಕೂ ಪಟ್ಟದ ಗೊಂಬೆಗಳನ್ನು ಸುತ್ತಿಟ್ಟ ಹಳೆಯ ಪಂಚೆ ಬಿಚ್ಚುವಾಗ ಮೊದಲು ಮೂಗಿಗೆ ಬಡಿಯುವುದು ನುಸಿಗುಳಿಗೆಯ ವಾಸನೆ. ರಾಣಿ ಸರಿಯಾಗಿಯೇ ಇದ್ದಾಳೆ. ರಾಜನ ಎಡಗಾಲಿನ ತುದಿ ಮಾತ್ರ ಇಲ್ಲ. ಬಣ್ಣ ಹೋಗಿ, ಮರ ಸೀಳಿ, ಅದರ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತು. ಈ ಸಲ ಆ ಗುರುತಿನ ಮೇಲೆ ಬೆರಳಾಡಿಸುತ್ತ ಕಾರ್ಪೆಟ್ಟಿನ ಮೇಲೆ ಹಾಗೇ ಕೂತುಬಿಟ್ಟೆ... ಈ ಗೊಂಬೆಗಳು ನನ್ನವಲ್ಲ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಆಂಟಿಯವು. ರಾಜನ ಕಾಲು ಕಡಿದದ್ದು ಆಂಟಿ ಸಾವಿನ ಬಾಯಿಂದ ಎತ್ತಿಕೊಂಡು ಬಂದಿದ್ದ ಒಂದು ಬೆಕ್ಕಿನ ಮರಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಹೊಸದಾಗಿ ಮೆಲ್ಬರ್ನಿಗೆ ಬಂದಿದ್ದೆ. ನಮ್ಮದು ರೆಂಟಿನ ಯೂನಿಟ್. ಗೋಡೆಗೆ ಮೊಳೆ ಹೊಡೆಯುವುದಕ್ಕೂ ಓನರನ್ನು ಕೇಳಬೇಕು, ಪ್ರಾಣಿಯ ಮಾತಂತೂ ದೂರ. ಎದುರಿಗೆ ಆಂಟಿಯ ಸ್ವಂತ ಮನೆ. ಮೈಸೂರಿನವರು, ಗಂಡ ಡಾಕ್ಟರು, ಮಗಳು ಮದುವೆಯಾಗಿ ಸಿಡ್ನಿ ಸೇರಿದ್ದಳು. ನಾನು ಒಗ್ಗರಣೆ ಹಾಕಿದರೆ ಸಾಕು, ಆಂಟಿ ಬೇಲಿಯ ಹತ್ತಿರ ಬಂದು, "ಏನೇ, ಸಾಸಿವೆ ಸೀದೋಯ್ತಾ?" ಎಂದು ಕೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೀದಿರುವುದು ನಿಜವಾದ್ದರಿಂದ ಇನ್ನೂ ಉರಿಯುತ್ತಿತ್ತು. ಆದರೆ ಅವರು ಕೂಗದ ದಿನ ಊಟ ಸೇರುತ್ತಿರಲಿಲ್ಲ.

ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಹಾಗಾಗಿಯೇ ಈ ಬೆಕ್ಕಿನ ಪುರಾಣದಲ್ಲಿ ನಾನೂ ಸೇರಿಕೊಂಡೆ. ಮನೆಯ ಹಳೇ ಟವೆಲ್ಲುಗಳನ್ನು ಎಸೆಯಲು ಮನಸ್ಸಾಗದೆ, ಪ್ರಾಣಿಗಳ ಶೆಲ್ಟರಿನವರು ತೆಗೆದುಕೊಳ್ಳುತ್ತಾರೆಂದು ಯಾರೋ ಹೇಳಿದ್ದನ್ನು ಕೇಳಿ, ಒಂದು ದಿನ ನನ್ನ ಕಾರಿನಲ್ಲಿ ಹೊರಟರು. ಅಲ್ಲಿ ಸಾಲು ಸಾಲು ಬೋನು, ಬೋನಿನ ತುಂಬ ಬೆಕ್ಕು, ಮೂಗು ಸುಡುವಷ್ಟು ಫಿನಾಯಿಲ್ ವಾಸನೆ. ಇವನ್ನೆಲ್ಲ ಯಾರು ಸಾಕುತ್ತಾರೆಂದು ಆಂಟಿ ಕೇಳಿದರು. ಅಲ್ಲಿನ ಕೆಲಸದ ಹೆಂಗಸು ಮುಚ್ಚುಮರೆಯಿಲ್ಲದೆ ಹೇಳಿದಳು: ಯಾರಾದರೂ ಒಯ್ದರೆ ಸರಿ, ಇಲ್ಲದಿದ್ದರೆ ಜಾಗ ಸಾಲದಾದಾಗ ಇಂಜೆಕ್ಷನ್ ಕೊಟ್ಟು ಮುಗಿಸುತ್ತೇವೆ. ಹೇಳುವಾಗ ಅವಳ ಮುಖವೂ ಇಳಿದುಹೋಗಿತ್ತು.

ಕಾರಿನಲ್ಲಿ ಕೂತ ಆಂಟಿ ಶೆಲ್ಟರಿನ ಗೇಟನ್ನೇ ತಿರುಗಿ ನೋಡಿದರು. ಆಮೇಲೆ ಒಮ್ಮೆಲೇ, "ನಮ್ಮೂರಲ್ಲಿ ಬೆಕ್ಕಿಗೆ ಯಾರಾದ್ರೂ ಅಡ್ರೆಸ್ ಕೇಳ್ತಾರೇನೇ? ಹತ್ತು ಮನೆ ಹಾಲು ಕುಡ್ಕೊಂಡು ಅದರ ಪಾಡಿಗೆ ಅದಿರತ್ತೆ. ಇಲ್ಲಿ ಮನೆ ಇಲ್ಲ ಅಂತ ಸಾಯಿಸ್ತಾರಂತಲ್ಲೇ! ಬೆಕ್ಕು ಕೊಂದ್ರೆ ಚಿನ್ನದ ಬೆಕ್ಕು ಮಾಡ್ಸಿ ದಾನ ಕೊಡ್ಬೇಕು ಅಂತಿದ್ರು ನಮ್ಮಜ್ಜಿ. ಇವರು ಎಲ್ಲಿಂದ ತರ್ತಾರೆ ಅಷ್ಟು ಚಿನ್ನ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮುಂದಿನ ವಾರವೇ ಶೆಲ್ಟರಿನಿಂದ ಆಂಟಿಯ ಮನೆಗೆ ಮರಿಗಳು ಬರತೊಡಗಿದವು. ಈರುಳ್ಳಿಯನ್ನೂ ಹಬ್ಬದ ದಿನ ದೂರವಿಡುವ ಮನೆ ಅದು. ಹಿತ್ತಿಲ ಮೆಟ್ಟಿಲಲ್ಲಿ ಕೂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಮುಖ ಅತ್ತ ತಿರುಗಿಸಿ ಆಂಟಿ ಮೀನಿನ ಟಿನ್ ತೆರೆಯುತ್ತಿದ್ದರು. ಅದಕ್ಕೇ ಒಂದು ಬೇರೆ ಚಮಚ. ಮರಿಗಳು ತಿಂದಾದ ಮೇಲೆ ಚಮಚಕ್ಕೂ ಸ್ನಾನ, ಅವರಿಗೂ ಸ್ನಾನ. ಮೆಲ್ಬರ್ನಿನ ಆ ಚಳಿಯಲ್ಲಿ! ಡಾಕ್ಟರ್ ಅಂಕಲ್ ಬಾತ್‌ರೂಮಿನ ಬಾಗಿಲಲ್ಲಿ ಟವೆಲ್ ಹಿಡಿದು ನಿಂತು, "ಬೆಕ್ಕಿಗೆ ಚೆಲ್ಲಾಟ, ನಂಗೆ ಪ್ರಾಣಸಂಕಟ" ಎನ್ನುತ್ತಿದ್ದರು. ಮನೆ ಸಿಗುವ ತನಕ ಮರಿಗಳು ಇರಲಿ ಎಂದು ಅವರೇ ತಮ್ಮ ಗ್ಯಾರೇಜಿನಿಂದ ಕಾರನ್ನು ಹೊರಗೆ ನಿಲ್ಲಿಸಿದ್ದರೆನ್ನುವುದು ಬೇರೆ ಮಾತು.

ಕಷ್ಟವಿದ್ದದ್ದು ಮನೆ ಹುಡುಕುವುದರಲ್ಲಿ. ಬೀದಿಯ ಆಸ್ಟ್ರೇಲಿಯನ್ನರು ಒಂದೆರಡು ಒಯ್ದರು, ಅಷ್ಟೆ. ನಮ್ಮವರನ್ನು ಕೇಳಿದರೆ, "ನೋಡೋಣ ಆಂಟಿ" ಎನ್ನುತ್ತಿದ್ದರು. ನಮ್ಮಲ್ಲಿ ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಆಗಲೇ ಆಂಟಿಗೆ ಆ ಉಪಾಯ ಹೊಳೆದದ್ದು.

ದಸರಾಕ್ಕೆ ಅವರ ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದರು. ಸುತ್ತಲಿನ ಸಬರ್ಬ್‌ಗಳ ಕನ್ನಡದವರೆಲ್ಲ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಆ ವರ್ಷ ಗೊಂಬೆಯ ಮೆಟ್ಟಿಲುಗಳ ಕೆಳಗೆ ಬೆತ್ತದ ಬುಟ್ಟಿಗಳಲ್ಲಿ ಮರಿಗಳೂ ಕೂತವು. ಮಕ್ಕಳು ಗೊಂಬೆಯ ಕಡೆ ತಿರುಗಿಯೂ ನೋಡಲಿಲ್ಲ. ಮರಿಗಳಲ್ಲಿ ಒಂದು ಕೇಸರಿ ಬಣ್ಣದ್ದು, ಮಹಾ ತುಂಟ. ಎರಡನೆಯ ದಿನವೇ ಮೆಟ್ಟಿಲು ಹತ್ತಿ ರಾಜನನ್ನು ಉರುಳಿಸಿ, ಅವನ ಕಾಲನ್ನು ಕಬ್ಬಿನ ಹಾಗೆ ಕಡಿದುಹಾಕಿತು. ತವರಿನಿಂದ ಬಂದ ಪಟ್ಟದ ಗೊಂಬೆ! ನಾನು ಹೌಹಾರಿದೆ. ಆಂಟಿ, "ಹಸಿವಾಗಿತ್ತೇನೋ, ಪಾಪ" ಎಂದು ಅದನ್ನು ಎತ್ತಿ ಎದೆಗಾನಿಸಿಕೊಂಡರು.

ಹೊರಡುವಾಗ ಹೆಂಗಸರಿಗೆ ಅರಿಶಿನ ಕುಂಕುಮ ಕೊಟ್ಟು ತಾಂಬೂಲ ಕೊಡುವುದು ಪದ್ಧತಿ. ವೀಳ್ಯದೆಲೆ ಸಿಗದ ಕಾಲ. ತೆಂಗಿನಕಾಯಿ, ಬಾಳೆಹಣ್ಣು, ಒಂದು ರವಿಕೆ ಕಣ. ಆ ಸಲ ಒಂದೊಂದು ಬುಟ್ಟಿಯೊಳಗೆ ರವಿಕೆ ಕಣ ಹಾಸಿ, ಅದರ ಮೇಲೆ ಮರಿಯನ್ನು ಕೂರಿಸಿ, ಸೆರಗಿನ ತುದಿ ಹಿಡಿದು ಕೊಟ್ಟರು. ಯಾರು ಬೇಡ ಎನ್ನುತ್ತಾರೆ? ಕುಂಕುಮದ ಜೊತೆ ಬಂದದ್ದನ್ನು ಬೇಡ ಎನ್ನುವ ಹೆಣ್ಣುಮಗಳು ಆಗ ನಮ್ಮಲ್ಲಿ ಹುಟ್ಟಿರಲಿಲ್ಲ. ಕೇಸರಿ ಮರಿ ಒಬ್ಬ ಇಂಜಿನಿಯರನ ಹೆಂಡತಿಯ ಪಾಲಿಗೆ ಬಂತು. ಹಸಿರು ಕಣ, ಕೆಂಪು ಅಂಚು. ಅವಳ ಮುಖ ಸುಣ್ಣವಾದದ್ದನ್ನು ನಾನು ನೋಡಿದೆ. ಅವಳ ಪುಟ್ಟ ಮಗಳು ಮಾತ್ರ ಕುಣಿದಾಡಿಬಿಟ್ಟಳು. ಹಬ್ಬ ಮುಗಿಯುವ ಹೊತ್ತಿಗೆ ಬುಟ್ಟಿಗಳೆಲ್ಲ ಖಾಲಿ. "ನೋಡಿದ್ಯೇನೇ? ತಾಂಬೂಲದಲ್ಲಿ ಕೊಟ್ಟಿದ್ದನ್ನ ಯಾರೂ ಬಿಡಲ್ಲ," ಎಂದು ಆಂಟಿ ಗೆದ್ದವರ ಹಾಗೆ ಸೋಫಾದಲ್ಲಿ ಕಾಲು ಚಾಚಿ ಕೂತರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಮತ್ತೆ ಕಾಣಲಿಲ್ಲ.

ಡಿಸೆಂಬರ್ ಬಂತು. ಶಾಲೆಗಳಿಗೆ ದೊಡ್ಡ ರಜೆ. ನಮ್ಮವರೆಲ್ಲ ವರ್ಷವಿಡೀ ಕಾಯುವುದು ಅದಕ್ಕೇ. ಸೂಟ್‌ಕೇಸು ತೂಗಿ ತೂಗಿ ಬೆಂಗಳೂರಿಗೆ ಹಾರುವುದಕ್ಕೆ. ಈ ರಜೆಯ ಯೋಚನೆ ಆಂಟಿಗೂ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ. ಬೇಸಿಗೆಯಲ್ಲಿ ಶೆಲ್ಟರಿಗೆ ಮರಿಗಳು ಬಂದು ಸುರಿಯುತ್ತವೆಂದು ಕೇಳಿ, ಇನ್ನೆರಡು ತರೋಣವೆಂದು ಖಾಲಿ ಬುಟ್ಟಿ ಹಿಡಿದು ಒಂದು ಬೆಳಿಗ್ಗೆ ಹೊರಟೆವು.

ಬೋನುಗಳ ಸಾಲಿನ ನಡುವೆ ಆಂಟಿ ತಟ್ಟನೆ ನಿಂತರು. ಒಂದು ಬೋನಿನಲ್ಲಿ ಮುದಿ ಬೂದು ಬೆಕ್ಕೊಂದು ಮಲಗಿತ್ತು. ಅದರ ಕೆಳಗೆ ಹಾಸಿದ್ದ ಬಟ್ಟೆ ಹಸಿರು, ಅಂಚು ಕೆಂಪು. ಮಡಿಕೆಯ ಮೂಲೆಯಲ್ಲಿ ಇನ್ನೂ ಒಂದಿಷ್ಟು ಕುಂಕುಮ ಮೆತ್ತಿಕೊಂಡಿತ್ತು.

ಕೆಲಸದ ಹೆಂಗಸು ಬಂದಳು. ಆ ಬಟ್ಟೆಯ ಮೇಲೆ ಬಂದ ಬೆಕ್ಕು ಎಲ್ಲಿ ಎಂದು ಆಂಟಿ ಕೇಳಿದರು. ಅವಳಿಗೆ ತಕ್ಷಣ ನೆನಪಾಯಿತು. ಇಂಡಿಯನ್ ಕುಟುಂಬವೊಂದು ಬಿಟ್ಟುಹೋದ ಕೇಸರಿ ಬೆಕ್ಕು. ಹುಡುಗಿ ತುಂಬ ಅಳುತ್ತಿದ್ದಳು. ಮಾಲೀಕರೇ ತಂದುಕೊಟ್ಟದ್ದನ್ನು ಇಷ್ಟು ದಿನ ಇಟ್ಟುಕೊಂಡು ಕಾಯಬೇಕೆಂಬ ನಿಯಮವಿಲ್ಲ, ಬೋನುಗಳೆಲ್ಲ ಭರ್ತಿ... ನಿನ್ನೆ. "ಐ ಆಮ್ ಸೋ ಸಾರಿ, ಲವ್. ನಿಮ್ಮದು ಅಂತ ಗೊತ್ತಿದ್ದರೆ ಫೋನ್ ಮಾಡ್ತಿದ್ದೆ," ಎಂದು ಅವಳು ತನ್ನ ಇಂಗ್ಲಿಷಿನಲ್ಲಿ ಹೇಳಿ ಆಂಟಿಯ ತೋಳು ಹಿಡಿದಳು.

ಆಂಟಿ ಅಳಲಿಲ್ಲ. ಬಟ್ಟೆ ವಾಪಸ್ ಬೇಕೇ ಎಂದು ಅವಳು ಕೇಳಿದಾಗ, "ಬೇಡ, ಅದು ಮಲಗಿದೆ" ಎಂದು ಬೋನಿನತ್ತ ಕೈ ತೋರಿಸಿದರು. ಅಂದು ಮೊದಲ ಸಲ ಬುಟ್ಟಿ ಖಾಲಿಯಾಗಿಯೇ ಮನೆಗೆ ಬಂತು. ಆ ಬೂದು ಬೆಕ್ಕು ಏನಾಯಿತೋ... ನಾನು ಕೇಳಲಿಲ್ಲ. ಏನಾಗಿರುತ್ತದೆಂದು ಗೊತ್ತಿತ್ತಲ್ಲ.

ಮನೆಗೆ ಬಂದವರೇ ಆಂಟಿ ಬುಟ್ಟಿ ಒಯ್ದ ಮನೆಗಳಿಗೆಲ್ಲ ಫೋನ್ ಮಾಡುತ್ತ ಕೂತರು. ರಿಂಗಾಗುತ್ತಲೇ ಇತ್ತು. ಎಲ್ಲರೂ ಊರಿಗೆ ಹೋಗಿದ್ದರು.

ರಜೆ ಮುಗಿಸಿ ಬಂದ ಇಂಜಿನಿಯರನ ಹೆಂಡತಿ ಸಂಕ್ರಾಂತಿಯ ಎಳ್ಳು ಹಿಡಿದು ಆಂಟಿಯ ಮನೆಗೆ ಬಂದಳು, ತಡವಾಗಿ. ಆಂಟಿ ಏನೂ ಕೇಳಲಿಲ್ಲ. ಅವಳೇ, "ಬೆಕ್ಕು ಓಡಿಹೋಯ್ತು ಆಂಟಿ" ಎಂದಳು. "ಹೌದಾ, ಹೋಗ್ಲಿ ಬಿಡಮ್ಮ," ಎಂದು ಆಂಟಿ ಅವಳ ಹಣೆಗೆ ಕುಂಕುಮವಿಟ್ಟರು. ನನಗೆ ರಕ್ತ ಕುದಿಯಿತು. ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿಯೇಬಿಟ್ಟೆ. ಅವಳು ಗೊಳೋ ಎಂದು ಅತ್ತಳು. "ತಾಂಬೂಲದಲ್ಲಿ ಕೊಟ್ಟಿದ್ದನ್ನ ವಾಪಸ್ ಕೊಟ್ರೆ ಅವ್ರಿಗೆ ಎಷ್ಟು ಬೇಜಾರಾಗತ್ತೆ ಅಂತ, ಅಲ್ಲಿ ಬಿಟ್ಟೆ ಕಣ್ರೀ. ಅಲ್ಲಿ ಒಳ್ಳೇ ಮನೆ ಹುಡುಕ್ತಾರೆ ಅಂದ್ಕೊಂಡಿದ್ದೆ..." ಶೆಲ್ಟರಿಗಲ್ಲ, ಇದೇ ಮನೆಯ ಗ್ಯಾರೇಜಿಗೆ ತಂದು ಬಿಟ್ಟಿದ್ದರೆ ಬೆಕ್ಕು ಬದುಕುತ್ತಿತ್ತು! ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಎನ್ನುತ್ತಾರೆ. ನಮ್ಮ ದಾಕ್ಷಿಣ್ಯಕ್ಕೆ ಸತ್ತದ್ದು ಮಾತ್ರ ಮೂಕಪ್ರಾಣಿ. ಉಳಿದ ಮರಿಗಳ ಕಥೆಯೂ ಸುಮಾರಾಗಿ ಇದೇ ಎಂದು ಆಮೇಲೆ ಒಂದೊಂದಾಗಿ ಗೊತ್ತಾಯಿತು.

ಅಲ್ಲಿಂದ ಮುಂದೆ ಆಂಟಿ ಗೊಂಬೆ ಕೂರಿಸಲಿಲ್ಲ. ಶೆಲ್ಟರಿಗೂ ಹೋಗಲಿಲ್ಲ. ನನ್ನ ಸಾಸಿವೆ ಸೀದರೂ ಬೇಲಿಯ ಹತ್ತಿರ ಬರಲಿಲ್ಲ. ಅಂಕಲ್ ಹೋದ ಮೇಲೆ ಮಗಳು ಅವರನ್ನು ಸಿಡ್ನಿಗೆ ಕರೆದುಕೊಂಡು ಹೋದಳು. ಅಲ್ಲಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ನೋಡಲು ಹೋದಾಗ ಈ ಪಟ್ಟದ ಗೊಂಬೆಗಳನ್ನು ನನ್ನ ಮಡಿಲಿಗೆ ಹಾಕಿದರು. ರಾಜನ ಕಾಲು ಸವರುತ್ತ, "ಒಂದು ಮಾತು ಹೇಳ್ಬೇಕಿತ್ತು ಕಣೇ. ಬೇಡ ಅನ್ಸಿದ್ರೆ ನಂಗೇ ತಂದ್ಕೊಡಿ ಅಂತ. ಒಂದೇ ಒಂದು ಮಾತು..." ಎಂದರು. ನಾನು ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡೆ. ಅದೇ ಅವರನ್ನು ಕೊನೆಯ ಸಲ ನೋಡಿದ್ದು.

ಈ ದಸರಾಕ್ಕೆ ಮೆಲ್ಬರ್ನಿನ ಆಚೆ ತುದಿಯ ಪಾಯಿಂಟ್ ಕುಕ್‌ನಿಂದ ಒಬ್ಬ ಹುಡುಗಿ ಮಗುವಿನೊಂದಿಗೆ ಬಂದಿದ್ದಳು. ಐಟಿಯವಳು, ಚುರುಕು. ಮಗು ರಾಜನ ಕಾಲು ಮುಟ್ಟಿ ಇದಕ್ಕೇನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿತು. ಬೆಕ್ಕು ಕಚ್ಚಿತು ಎಂದೆ. "ವೇರ್ ಈಸ್ ದ ಕ್ಯಾಟ್ ನೌ?" ಎಂದಿತು. ಅದರ ಕೈಗೆ ಚಕ್ಕುಲಿ ಕೊಟ್ಟೆ. ಹೊರಡುವಾಗ ತಾಂಬೂಲ ಕೊಡಹೋದರೆ ತಾಯಿ ನಗುತ್ತ, "ಬ್ಲೌಸ್ ಪೀಸ್ ಮಾತ್ರ ಬೇಡ ಆಂಟಿ, ಯೂಸ್ ಮಾಡಲ್ಲ, ಸುಮ್ನೆ ವೇಸ್ಟ್ ಆಗತ್ತೆ" ಎಂದಳು.

ಅಷ್ಟು ಸಲೀಸಾಗಿ ಹೇಳಿಬಿಟ್ಟಳು. ಬೇಡ ಆಂಟಿ. ಅಂದು ಯಾರಾದರೂ ಒಬ್ಬಳು ಹೀಗೆ ಅಂದಿದ್ದರೆ... ನನ್ನ ಕಣ್ಣು ತುಂಬಿಬಂತು. ಒಳ್ಳೆಯದು ಮಾಡಿದೆ ಮಗಳೇ ಎನ್ನಬೇಕೆಂದು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಅವಳು ನನ್ನ ಮುಖ ನೋಡಿ ಗಾಬರಿಯಾದಳು. "ಅಯ್ಯೋ, ಸಾರಿ ಆಂಟಿ, ಬೇಜಾರು ಮಾಡ್ಕೋಬೇಡಿ, ಕೊಡಿ, ಕೊಡಿ" ಎಂದು ಕಣವನ್ನು ನನ್ನ ಕೈಯಿಂದ ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಂಡು ಹೊರಟುಹೋದಳು.