ಮೂರು ಕಥೆಗಳಲ್ಲೂ ಇದ್ದವನು

ನನ್ನ ತಮ್ಮನ ಎರಡನೆಯ ಹೆಂಡತಿ ಬೀಯುನ್ ಸಿಂಪಿ ಒಡೆದು ಮಾಂಸ ತೆಗೆಯುವ ಕೆಲಸದವಳು. ಬುದಾಯ್ ಸಮುದ್ರತೀರದ ನಮ್ಮ ಹೆಂಗಸರಿಗೆಲ್ಲ ಅದೇ ಕೆಲಸ. ಆದರೆ ಅವಳ ಬಾಯಿ ಕಥೆ ಹೇಳುವುದಕ್ಕೆಂದೇ ಹುಟ್ಟಿದ್ದು. ಮಂಗಳವಾರ ಬೆಳಿಗ್ಗೆ ಕೈಗೆ ನಿಂಬೆಹಣ್ಣು ಉಜ್ಜಿ ವಾಸನೆ ತೊಳೆದುಕೊಂಡು, ಪಾಠ ಶುರುವಾಗುವ ಮುಂಚೆಯೇ ಶಾಲೆಗೆ ಬರುತ್ತಿದ್ದಳು. ನಮ್ಮ ಶಾಲೆಗಳಲ್ಲಿ ಮಕ್ಕಳ ತಾಯಂದಿರೇ ಸರದಿಯಂತೆ ಬಂದು ಕಥೆ ಹೇಳುತ್ತಾರೆ. ಇಂಥ ಕಥೆಯಮ್ಮನಿಗೆ ಶಾಲೆಯಲ್ಲಿ ಸ್ವಂತ ಹೆಸರಿಲ್ಲ, ಮಗುವಿನ ಹೆಸರೇ ಅವಳ ಹೆಸರು. ಹಾಗಾಗಿ ಮೂರನೇ ತರಗತಿಗೆಲ್ಲ ಬೀಯುನ್ 'ಯೂಶಾನ್ ಅಮ್ಮ'. ತಮ್ಮನ ಮೊದಲ ಹೆಂಡತಿಯ ಮಗಳಾದ ಯೂಶಾನ್ ಒಬ್ಬಳು ಮಾತ್ರ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದಳು.

ಯೂಶಾನ್‌ಳ ಹೆತ್ತತಾಯಿ ತೀರಿಕೊಂಡಾಗ ಹುಡುಗಿ ಇನ್ನೂ ಶಿಶುವಿಹಾರದ ವಯಸ್ಸಿನವಳು. ಬೀಯುನ್ ಬಂದ ದಿನದಿಂದ ನಮ್ಮಮ್ಮ ಪ್ರತಿ ಊಟಕ್ಕೂ ಉಪ್ಪಿನಕಾಯಿ ಬಡಿಸಿದ ಹಾಗೆ ಒಂದು ಮಾತು ಬಡಿಸುತ್ತಿದ್ದಳು: "ಎಷ್ಟಾದ್ರೂ ಹೆತ್ತವಳಲ್ವಲ್ಲ." ಆಗ ನನ್ನ ತಮ್ಮ ಜಿನ್‌ಫು ಬಟ್ಟಲಿನೊಳಗೆ ಮುಖ ಹುದುಗಿಸಿ ಅನ್ನ ಉಣ್ಣುತ್ತಿದ್ದ. ಕೆಟ್ಟವನಲ್ಲ, ಆದರೆ ಬಾಯಿಗೆ ಬೀಗ. ನಾನು ಬೈದದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

"ಮನೇಲಿ ಅವಳ ಹತ್ರ ಹೋಗೋಕೆ ದಾರೀನೇ ಕಾಣ್ತಿಲ್ಲ ಅತ್ತಿಗೆ," ಎಂದಿದ್ದಳು ಬೀಯುನ್. "ನಾನು ಬಂದ್ರೆ ಅಜ್ಜಿ ಬೆನ್ನ ಹಿಂದೆ ಸರೀತಾಳೆ. ಕಥೆ ನೆವದಲ್ಲಾದ್ರೂ ಅವಳ ಎದುರು ಕೂತ್ಕೋತೀನಿ." ಒಬ್ಬ ಹುಡುಗಿ ತನ್ನ ಪಕ್ಕ ಬಂದು ಕೂರಲಿ ಎಂಬುದಷ್ಟೇ ಅವಳ ಆಸೆ. ಅದಕ್ಕೇ ತರಗತಿಯ ಮಕ್ಕಳಿಗೆಲ್ಲ ಕಥೆ ಹೇಳಿದಳು.

ಆ ವರ್ಷ ಕಥೆಯಮ್ಮಂದಿರಿಗೆ ಶಾಲೆಯವರು ಹೊಸದೊಂದು ಪಾಠ ಕೊಟ್ಟಿದ್ದರು. ಬರೀ ಕಥೆ ಹೇಳಿದರೆ ಸಾಲದು, ಹಲವು ಕಥೆಗಳನ್ನು ಹೇಳಿ, ಅವುಗಳಲ್ಲೆಲ್ಲ ಸಮಾನವಾಗಿರುವುದನ್ನು ಮಕ್ಕಳೇ ಕಂಡುಕೊಳ್ಳುವಂತೆ ಮಾಡಬೇಕು. ಕಥೆಗಳನ್ನು ಮಕ್ಕಳೇ ಆರಿಸಲಿ ಎಂದು ಬೀಯುನ್ ಕೈ ಎತ್ತಿಸಿದಳು. ಅವರು ಆರಿಸಿದ ಮೂರು ಪುಸ್ತಕಗಳನ್ನು ಮೊದಲು ತಾನು ಓದಲಿಲ್ಲ, ಅದೇ ಅವಳು ಮಾಡಿದ ತಪ್ಪು. ಒಂದರಲ್ಲಿ ಮಲತಾಯಿ ಮಗುವನ್ನು ಬಿರುಗಾಳಿಯಲ್ಲಿ ಉಪ್ಪು ತರಲು ಅಟ್ಟುತ್ತಾಳೆ. ಇನ್ನೊಂದರಲ್ಲಿ ಕಡುಬಿನೊಳಗೆ ಕಲ್ಲು ತುಂಬುತ್ತಾಳೆ. ಮತ್ತೊಂದರಲ್ಲಿ ಹುಡುಗಿ ಸಾಕಿದ ರೇಷ್ಮೆ ಹುಳುಗಳನ್ನು ಕುದಿನೀರಿಗೆ ಸುರಿಯುತ್ತಾಳೆ. ಆದರೂ ಹೇಳಿದಳು, ಮೂರು ಮಂಗಳವಾರ, ಒಂದು ಮಾತೂ ಬಿಡದೆ.

ಕೊನೆಯ ದಿನ ನಾನು ಅದೇ ಕೋಣೆಯ ಹಿಂದೆ ಪುಸ್ತಕ ಜೋಡಿಸುತ್ತಿದ್ದೆ. ಶಾಲೆಯ ಪುಸ್ತಕಗಳ ಉಸ್ತುವಾರಿ ನನ್ನದು.

"ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಹಿಚುಕಿದ್ರೆ ಸಾಕು," ಎಂದಳು ಬೀಯುನ್. "ಕಥೆಗೆ ಹಾಗಾಗಲ್ಲ. ಮೂರನ್ನೂ ಹಿಚುಕಿ ನೋಡಿ. ಮೂರರಲ್ಲೂ ಏನಿದೆ?"

ಬೋಕಾಯ್ ಎಂಬ ತುಂಟ ಬೆಂಚಿನ ಮೇಲೇ ನಿಂತ. "ಮಲತಾಯಂದಿರೆಲ್ಲ ಕೆಟ್ಟೋರು!"

ಅವನಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ, ಪಾಪ. ಬೀಯುನ್ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆ ಹಾಗೇ ನಿಂತಿತು. ಏನಾದರೊಂದು ಹೇಳಿ ಮಾತು ತೇಲಿಸಿಬಿಡೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಸರಿಯಾಗೇ ಹೇಳ್ದೆ," ಎಂದಳು ಅವಳು. "ಆದ್ರೆ 'ಈ ಮೂರು ಕಥೇಲಿ' ಅಂತ ಸೇರ್ಸು. ಲೋಕದಲ್ಲಿರೋರನ್ನೆಲ್ಲ ನೀನಿನ್ನೂ ನೋಡಿಲ್ಲ ಕಣೋ." ಹಾಗೇ ಬರೆದಳು. "ಇನ್ನೇನಿದೆ?"

ಮಂಗಳವಾರಗಳಲ್ಲಿ ತುಟಿ ಬಿಚ್ಚದ ಯೂಶಾನ್ ಕೈ ಎತ್ತಿದಳು. "ಮೂರರಲ್ಲೂ ಅಪ್ಪ ಇದಾನೆ."

ಮಕ್ಕಳು ನಕ್ಕರು. "ಎಲ್ಲಿದಾನೆ? ಅವ್ನು ಏನೂ ಮಾಡೋದೇ ಇಲ್ವಲ್ಲ!"

"ಅದೇ ನಾನು ಹೇಳ್ತಿರೋದು. ಮೊದಲ್ನೇ ಅಪ್ಪ ಮಲಗಿದ್ದ. ಎರಡನೇ ಅಪ್ಪ ಅಲ್ಲೇ ಮಣೆ ಮೇಲೆ ಕೂತು ಉಣ್ತಿದ್ದ. ಮೂರನೇ ಅಪ್ಪ ನೀರು ಕುದಿಯೋದು ನೋಡಿದ. ಯಾರೂ ಏನೂ ಹೇಳ್ಲಿಲ್ಲ."

ಬೀಯುನ್ ಅದನ್ನೂ ಬರೆದಳು. ಇಷ್ಟು ವರ್ಷ ನಾನು ಬೊಬ್ಬೆ ಹೊಡೆದರೂ ಹೇಳಲಾಗದ್ದನ್ನು ಒಂಬತ್ತು ವರ್ಷದ ಹುಡುಗಿ ಹೇಳಿಬಿಟ್ಟಿದ್ದಳು.

"ಯೂಶಾನ್ ಅಪ್ಪನಿಗೆ ಹೇಳ್ಬೇಡಿ ಅತ್ತಿಗೆ, ನೊಂದ್ಕೋತಾರೆ," ಎಂದಳು ಬೀಯುನ್ ಹೊರಗೆ ಬಂದು.

"ನೊಂದ್ಕೊಳ್ಳಲಿ," ಎಂದೆ. ನೇರ ದೋಣಿಕಟ್ಟೆಗೆ ಹೋದೆ. ಹಗ್ಗ ಹೊಸೆಯುತ್ತಿದ್ದ ಜಿನ್‌ಫುಗೆ ಮಗಳ ಮಾತನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಿದ.

ಆ ವಾರವೇ ಮೊದಲ ಹೆಂಡತಿಯ ಪ್ರತಿವರ್ಷದ ತಿಥಿ ಬಂತು. ಎರಡನೆಯವಳಾಗಿ ಬಂದವಳು ತೀರಿಹೋದವಳನ್ನು ಅಕ್ಕನೆಂದು ಕರೆದು ಎಡೆ ಇಡಬೇಕು, ಅದು ನಮ್ಮ ಪದ್ಧತಿ. ಬೀಯುನ್ ಹಾಲುಮೀನು ಬೇಯಿಸಿ, ಹಾಗಲಕಾಯಿ ಸಾರು ಮಾಡಿ, ಊದುಬತ್ತಿ ಹಿಡಿದು, "ಅಕ್ಕಾ, ಬಾ, ಉಂಡು ಹೋಗು. ಮಗಳು ಚೆನ್ನಾಗಿದಾಳೆ," ಎಂದಳು. ಆಮೇಲೆ ಎಲ್ಲರೂ ಊಟಕ್ಕೆ ಕೂತೆವು. ಯೂಶಾನ್ ಎಂದಿನಂತೆ ಅಜ್ಜಿಯ ಪಕ್ಕ.

ಅಮ್ಮ ಮೀನು ಚುಚ್ಚಿ ನೋಡಿದಳು. "ಯಾವ ಮನಸ್ಸಿಂದ ಬೇಯಿಸಿದ್ಲೋ ಯಾರಿಗ್ಗೊತ್ತು. ಎಷ್ಟಾದ್ರೂ ಹೆತ್ತವಳಲ್ವಲ್ಲ."

ಜಿನ್‌ಫು ಬಟ್ಟಲು ಕೆಳಗಿಟ್ಟ.

"ಸಾಕಮ್ಮ," ಎಂದ. "ಇವಳು ತಾನಾಗಿ ಬಂದೋಳಲ್ಲ, ನಾನು ಕೇಳ್ಕೊಂಡು ಕರ್ಕೊಂಡ್ಬಂದೆ. ಬೈಯೋದಿದ್ರೆ ನನ್ನ ಬೈಯಿ." ಆಮೇಲೆ ಮಗಳ ಕಡೆ ತಿರುಗಿದ. "ಪುಟ್ಟಿ, ನಿನ್ನ ಚಿಕ್ಕಮ್ಮನದ್ದು ಏನೂ ತಪ್ಪಿಲ್ಲ. ನಾನು ಇದನ್ನ ಮೊದಲ ದಿನಾನೇ ಹೇಳ್ಬೇಕಿತ್ತು."

ಯೂಶಾನ್ ಅಪ್ಪನ ಮುಖ ನೋಡಿದಳು. ಆಮೇಲೆ ತನ್ನ ಬಟ್ಟಲು ಎತ್ತಿಕೊಂಡು ಎದ್ದಳು. ಮೇಜು ಸುತ್ತಿ ಬಂದು ಬೀಯುನ್‌ಳ ಬೆಂಚಿನ ಅಂಚಿನಲ್ಲಿ ನಿಂತಳು.

"ಚಿಕ್ಕಮ್ಮಾ, ಸ್ವಲ್ಪ ಆ ಕಡೆ ಸರೀರಿ," ಎಂದಳು.