ಹನ್ನೊಂದು ತಿಂಗಳ ಲೈಬ್ರರಿ ಕಾರ್ಡು

ಚಿಕ್ಕಬಾಣಾವರ ಸ್ಟೇಷನ್ನಿಂದ ನಮ್ಮನೆಗೆ ನಡ್ಕೊಂಡು ಬರೋ ದಾರೀಲಿ ಒಂದು ಹೊಸ ಬಿಲ್ಡಿಂಗ್ ಎದ್ದಿತ್ತು. ನಾನು ತುಂಬಾ ದಿನ ಅದನ್ನ ಹಲ್ಲಿನ ಆಸ್ಪತ್ರೆ ಅಂದ್ಕೊಂಡಿದ್ದೆ. ಅಷ್ಟೊಂದು ಗಾಜು. ಆಮೇಲೆ ಒಂದಿನ ‘ಸಾರ್ವಜನಿಕ ಗ್ರಂಥಾಲಯ’ ಅಂತ ಬೋರ್ಡ್ ಹಾಕಿದ್ರು. ಭಾನುವಾರ ಬೆಳಗ್ಗೆ ತಿಂಡಿನೂ ತಿನ್ನದೆ ಹೋದೆ. ನಂಗೆ ಅಲ್ಲಿ ಕೆಲಸ ಇತ್ತು.

ಕೆಲಸ ಏನಂದ್ರೆ, ನನ್ ಬಾಡಿಗೆ ಮನೆ ಬಚ್ಚಲ ಗೋಡೇಲಿ ಒಂದು ಜೇಡ ಇದೆ. ಅಂಗೈಯಷ್ಟು ಅಗಲ. ಬಲೆ ಕಟ್ಟಲ್ಲ. ಎದೆ ಕೆಳಗೆ ಒಂದು ಬಿಳಿ ಬಿಲ್ಲೆ ಹಿಡ್ಕೊಂಡು ಸುಮ್ನೆ ನಿಂತಿರುತ್ತೆ. ನಾನು ಪೀಣ್ಯದಲ್ಲಿ ಒಂದು ಫ್ಯಾಕ್ಟರೀಲಿ ಪಾರ್ಟ್ಸ್ ಚೆಕ್ ಮಾಡ್ತೀನಿ. ಇಡೀ ದಿನ ಲೆನ್ಸ್ ಹಿಡ್ಕೊಂಡು ಗೀರು ಹುಡುಕೋದು. ಮನೆಗ್ ಬಂದು ಅದೇ ಥರ ಲೆನ್ಸಲ್ಲಿ ಜೇಡ ನೋಡ್ತೀನಿ. ಯಾರೂ ಕಲ್ಸಿದ್ದಲ್ಲ, ಹಂಗೇ ಶುರುವಾಯ್ತು. ಇದರ ಫೋಟೋ ಹಾಕಿ ಫೋನಿಗೆ ಕೇಳಿದ್ರೆ ಒಂದ್ಸಲ ಭಯಂಕರ ವಿಷ ಅಂತು, ಇನ್ನೊಂದ್ಸಲ ಏಡಿ ಅಂತು.

ಮುಂದಿನ ಭಾನುವಾರ ಮನೆಗೆ ಪೇಂಟು. ಓನರ್ ಅಂಕಲ್ ಬಂದು ಜೇಡ ನೋಡಿ, "ಪೊರಕೇಲಿ ಒಡ್ದಾಕಮ್ಮ. ಇಲ್ದಿದ್ರೆ ಪೇಂಟರ್ರೇ ಒಡ್ದಾಕ್ತಾನೆ" ಅಂದ್ರು.

"ವಿಷ ಇಲ್ಲ ಅಂಕಲ್, ಪಾಪ."

"ಯಾರ್ ಏಳಿದ್ದು?"

ನಿಜ, ಯಾರೂ ಹೇಳಿರ್ಲಿಲ್ಲ. ಅದಕ್ಕೇ ಪುಸ್ತಕ ಬೇಕಿತ್ತು.

ಲೈಬ್ರರಿ ಬಾಗ್ಲಲ್ಲಿ ಉದ್ಘಾಟನೆಗೆ ಕಟ್ಟಿದ್ದ ಬಾಳೆಕಂದು ಒಣಗಿ ನಿಂತಿತ್ತು. ಟೈಲ್ಸ್ ಎಷ್ಟು ಹೊಳೀತಿತ್ತು ಅಂದ್ರೆ, ಬಂದೋರೆಲ್ಲ ಗೃಹಪ್ರವೇಶಕ್ಕೆ ಬಂದಂಗೆ ಚಪ್ಪಲಿ ಹೊರಗೇ ಬಿಟ್ಟಿದ್ರು. ನಾನೂ ಬಿಟ್ಟೆ. ಸೆಕ್ಯೂರಿಟಿ ಅಣ್ಣ ಮುಂಚೆ ಯಾವ್ದೋ ಅಪಾರ್ಟ್‌ಮೆಂಟಲ್ಲಿ ಇದ್ರಂತೆ, ರಿಜಿಸ್ಟರೂ ಅಲ್ಲೀದೇ ಥರ. ಹೆಸರು, ಎಲ್ಲಿಂದ, ಯಾರನ್ನ ನೋಡ್ಬೇಕು. ನನ್ ಮುಂಚೆ ಬಂದಿದ್ದೋರು ‘ಪೇಪರ್’ ಅಂತ ಬರ್ದಿದ್ರು. ಅದಕ್ಕೂ ಮುಂಚೆ ಬಂದಿದ್ದೋರು ‘ಟಾಯ್ಲೆಟ್’ ಅಂತ. ನಾನು ‘ಜೇಡ’ ಅಂತ ಬರ್ದೆ. ಅಣ್ಣ ಓದಿ, ಫೋನ್ ಇಸ್ಕೊಂಡು ಡ್ರಾಯರಲ್ಲಿಟ್ಟು, "ಮೇಲ್ಗಡೆ ಇರ್ಬೋದು, ನೋಡಿ ಮೇಡಂ" ಅಂದ್ರು.

ಒಳಗೆ ಪೇಂಟ್ ವಾಸನೆ. ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗ್ದಿರ್ಲಿಲ್ಲ, ಕೂತ್ರೆ ಚರಚರ ಅನ್ನೋದು. ಆ ಚರಚರ ಬಿಟ್ರೆ ಏನೂ ಸೌಂಡಿಲ್ಲ. ಅರ್ಧ ಕಪಾಟು ಖಾಲಿ, ಪುಸ್ತಕ ಎಲ್ಲ ದಾರ ಕಟ್ಟಿ ನೆಲದ ಮೇಲಿತ್ತು. ಮೂರನೇ ಕಟ್ಟಲ್ಲಿ ಸಿಕ್ತು, ದಪ್ಪದ್ದು, ಬರೀ ಜೇಡಗಳದ್ದೇ, ಅದೂ ಕನ್ನಡದಲ್ಲಿ, ಕಲರ್ ಚಿತ್ರ! ನಮ್ ಬಚ್ಚಲದ್ದರ ಥರಾನೇ ಆರು ಇತ್ತು. ವ್ಯತ್ಯಾಸ ತಿಳೀಬೇಕಂದ್ರೆ ಕಣ್ಣು ಹೆಂಗೆ ಜೋಡ್ಸಿದೆ ಅಂತ ನೋಡ್ಬೇಕಂತೆ. ಅಂದ್ರೆ ಪುಸ್ತಕ ಗೋಡೆ ಹತ್ರ ಹೋಗ್ಬೇಕು. ಗೋಡೆಯಂತೂ ಬರಲ್ಲ.

ಲೈಬ್ರರಿ ಮೇಡಂ ಒಂದು ಫಾರಂ ಕೊಟ್ರು. "ಇಲ್ಲಿ ಸ್ವಂತ ಮನೆ ಇರೋರದ್ದು ಒಂದು ಸಹಿ ಹಾಕ್ಸ್ಕೊಂಡ್ ಬನ್ನಿ, ಜಾಮೀನಿಗೆ. ಆಮೇಲೆ ತಗೊಂಡೋಗಿ."

ನಂಗೆ ಗೊತ್ತಿರೋ ಸ್ವಂತ ಮನೆಯೋರು ಒಬ್ರೇ. ಜೇಡ ಹೊಡಿ ಅಂದೋರು.

ಅಂಕಲ್‌ದು ಇದೇ ಊರು. ಮುಂಚೆ ರಾಗಿ ಬೆಳೀತಿದ್ರು, ಈಗ ಮನೆಗಳು. ಅವರಪ್ಪ ಯಾವ್ದೋ ಕಾಗದಕ್ಕೆ ಓದ್ದೆ ಹೆಬ್ಬೆಟ್ಟು ಒತ್ತಿದ್ರಂತೆ. ಆ ಹೊಲದಲ್ಲಿ ಈಗ ಬೇರೆ ಯಾರ್ದೋ ಲೇಔಟ್ ಇದೆ. ಆವತ್ತಿಂದ ಆ ಮನೇಲಿ ಸ್ಟಾಂಪ್ ಪೇಪರ್ ಬಿಟ್ಟು ಬೇರೆ ಎಲ್ಲೂ ಸೈನ್ ಹಾಕಲ್ಲ. ಕೊರಿಯರ್ ಬಂದ್ರೂ ವಾಪಸ್ ಹೋಗುತ್ತೆ. ಫಾರಂ ಕೊಟ್ಟೆ. ಎರಡೂ ಕಡೆ ತಿರುಗ್ಸಿ ನೋಡಿದ್ರು, ಬೆಳಕಿಗೆ ಹಿಡಿದು ನೋಡಿದ್ರು.

"ಇಂಗೆಲ್ಲಾ ಆಗಲ್ಲ ಕಣಮ್ಮ. ಇರ್ಲಿ, ಇಟ್ಟೋಗು."

ಕತೆ ಮುಗೀತು ಅಂದ್ಕೊಂಡೆ. ಶನಿವಾರ ಮಧ್ಯಾಹ್ನ ಶಿಫ್ಟ್ ಮುಗಿಸ್ಕೊಂಡು ಬಂದ್ರೆ ಅಂಕಲ್ ಇಸ್ತ್ರಿ ಶರ್ಟ್ ಹಾಕೊಂಡು ಗೇಟಲ್ಲಿ ನಿಂತಿದ್ರು. ಕೈಯಲ್ಲಿ ಸ್ಟಾಂಪ್ ಪೇಪರ್. "ನಡಿ."

ಮನೆ ಅಗ್ರಿಮೆಂಟ್ ಟೈಪ್ ಮಾಡೋನ ಹತ್ರಾನೇ ಮಾಡ್ಸಿದ್ರು. ಅವನು ‘ಮನೆ’ ಅಂತ ಇದ್ದ ಕಡೆಯೆಲ್ಲ ‘ಪುಸ್ತಕ’ ಅಂತ ಹಾಕಿದ್ದ, ಅಷ್ಟೇ. ಲೈಬ್ರರಿ ಮೇಡಂ ಒಂದೊಂದೇ ಸಾಲು ಮೆಲ್ಲಗೆ ಓದಿದ್ರು. ಸದರಿ ಪುಸ್ತಕದ ಅವಧಿ ಹನ್ನೊಂದು ತಿಂಗಳು. ಸದರಿ ಪುಸ್ತಕವನ್ನು ಒಳಬಾಡಿಗೆಗೆ ನೀಡತಕ್ಕದ್ದಲ್ಲ. ಸದರಿ ಪುಸ್ತಕಕ್ಕೆ ಮೊಳೆ ಹೊಡೆಯತಕ್ಕದ್ದಲ್ಲ. ಸದರಿ ಪುಸ್ತಕದ ನೀರಿನ ಮೋಟರ್ ಕೆಟ್ಟಲ್ಲಿ ಮಾಲೀಕರೇ ಸರಿಪಡಿಸತಕ್ಕದ್ದು.

"ಮೋಟರ್ ಮಾತ್ರ ನಮ್ ಕೈಲಾಗಲ್ಲ ಸಾರ್."

"ಒಡ್ದಾಕಿ ಅದನ್ನ" ಅಂದ್ರು ಅಂಕಲ್. ಮೇಡಂ ಹೊಡೆದು ಹಾಕಿದ್ರು. ಪಕ್ಕದಲ್ಲಿ ಇಬ್ರೂ ಸೈನ್ ಹಾಕಿದ್ರು. ಸೆಕ್ಯೂರಿಟಿ ಅಣ್ಣ ಸಾಕ್ಷಿ.

ಮೇಡಂ ಕಾರ್ಡ್ ಬರೀತಿರುವಾಗ ಅಂಕಲ್ ಬರಿಗಾಲಲ್ಲಿ ಬಿಲ್ಡಿಂಗ್ ಎಲ್ಲಾ ಸುತ್ತು ಹಾಕೊಂಡ್ ಬಂದ್ರು. ಕಂಬ ತಟ್ಟಿ ನೋಡಿದ್ರು. "ಕೆಳಗಡೆ ನಾಕು ಅಂಗಡಿ ಬಿಡ್ಬೋದಿತ್ತು" ಅಂದ್ರು. ಹನ್ನೊಂದು ತಿಂಗಳು ಕಾರ್ಡಿಗೆ ಮಾತ್ರ, ಪುಸ್ತಕ ಹದಿನೈದು ದಿನಕ್ಕೇ ವಾಪಸ್ ಕೊಡ್ಬೇಕು ಅಂತ ಗೊತ್ತಾದಾಗ ಮುಖ ಸಣ್ಣಗಾಯ್ತು. "ಅದಿನೈದು ದಿನಕ್ಕೆ ಯಾರಾದ್ರೂ ಬಾಡ್ಗೆಗೆ ಕೊಡ್ತಾರಾ?"

ಮನೆಗೆ ಬಂದ್ಮೇಲೆ ಪುಸ್ತಕ ನನ್ ಕೈಗೆ ಕೊಡ್ಲಿಲ್ಲ. "ಜವಾಬ್ದಾರಿ ನಂದು ಅಂತ ಬರ್ದೈತೆ. ಒಳ್ಗೆ ಏನೈತೆ ಅಂತ ನೋಡ್ಬೇಡ್ವಾ?"

ಭಾನುವಾರ ಎಂಟು ಗಂಟೆಗೆ ಪೇಂಟರ್ ಬಂದ. ಅವನ ಹಿಂದೇನೇ ಅಂಕಲ್, ಕಂಕುಳಲ್ಲಿ ಪುಸ್ತಕ. ನನ್ ಲೆನ್ಸ್ ಇಸ್ಕೊಂಡು, ಬಚ್ಚಲಲ್ಲಿ ಸ್ಟೂಲ್ ಹಾಕೊಂಡು ಹತ್ತಿದ್ರು. ನಾನು ಪೇಜ್ ಬಿಡಿಸಿ ಹಿಡ್ಕೊಂಡು ಕೆಳಗೆ ನಿಂತೆ. ಅಂಕಲ್ ಒಂದು ಕಣ್ಣು ಮುಚ್ಕೊಂಡು ಎಣಿಸಿದ್ರು.

"ಎಂಟು ಕಣ್ಣು. ಮೇಲೊಂದು ಸಾಲು, ಕೆಳಗೊಂದು ಸಾಲು. ನಾಕ್ ನಾಕು. ಎಷ್ಟನೇದು?"

"ನಾಲ್ಕನೇದು ಅಂಕಲ್."

"ಓದು."

ಓದಿದೆ. ಬಿಲ್ಲೆ ಒಳಗೆ ಮೊಟ್ಟೆ. ಮರಿಯಾಗೋವರೆಗೂ ಅಮ್ಮ ಅದನ್ನ ಬಿಡಲ್ಲ. ಜಿರಲೆ ತಿನ್ನುತ್ತೆ. ಮನುಷ್ಯರಿಗೆ ಅಪಾಯ ಇಲ್ಲ.

ಹೊರಗಿಂದ ಪೇಂಟರ್ ಬಕೆಟ್ ಕುಟ್ಟಿದ. "ಅಣ್ಣ, ಬಚ್ಚಲಿಂದಾನೇ ಶುರು ಮಾಡೋದು ತಾನೆ?"

ಅಂಕಲ್ ಲೆನ್ಸಿಂದ ಕಣ್ಣು ತೆಗೀಲಿಲ್ಲ.

"ಯಾರ್ ಏಳಿದ್ದು?"